ಕಳೆ ತುಂಬಿದ ಎಂಟು ಅಡಿ ನೀರಿಗೆ ಯಾವ ಫ್ಲಾಶರ್? ಮಿನೆಟಾಂಕ ಸರೋವರದ ಒಂದು ಪ್ರಕರಣ ಅಧ್ಯಯನ

ಹೆಪ್ಪುಗಟ್ಟಿದ ಸರೋವರದ ಮಂಜುಗಡ್ಡೆಯಲ್ಲಿ ತೂತು ಕೊರೆದು ಮೀನು ಹಿಡಿಯುವವರು ಬಳಸುವ ಯಂತ್ರ ಫ್ಲಾಶರ್. ಅದು ನೀರಿಗೆ ಶಬ್ದ ಬಿಟ್ಟು, ಮರಳುವ ಪ್ರತಿಧ್ವನಿಯಿಂದ ಮೀನು, ಗಾಳ, ಬುಡಗಳನ್ನು ದುಂಡು ಡಯಲ್‌ನಲ್ಲಿ ಬಣ್ಣದ ಗೆರೆಗಳಾಗಿ ತೋರಿಸುತ್ತದೆ. ಅಮೆರಿಕದ ಮಿನೆಸೋಟ ರಾಜ್ಯದಲ್ಲಿ, ಮಿನಿಯಾಪೊಲಿಸ್ ನಗರದ ಪಶ್ಚಿಮಕ್ಕೆ ಮಿನೆಟಾಂಕ ಸರೋವರವಿದೆ. ಸುಮಾರು 14,500 ಎಕರೆ ವಿಸ್ತಾರದ ಈ ನೀರು ಹತ್ತಾರು ಕೊಲ್ಲಿಗಳಾಗಿ ಒಡೆದುಕೊಂಡಿದೆ. ಯುರೇಷಿಯನ್ ಮಿಲ್ಫಾಯಿಲ್ ಎಂಬ ಹೊರನಾಡಿನ ನೀರುಕಳೆ ಮಿನೆಸೋಟದಲ್ಲಿ ಮೊದಲು ಸಿಕ್ಕಿದ್ದು ಇಲ್ಲೇ, 1987ರಲ್ಲಿ. 2010ರಲ್ಲಿ ಜೀಬ್ರಾ ಮಸೆಲ್ ಚಿಪ್ಪುಜೀವಿಯೂ ಬಂದು ಸೇರಿತು. ಅದು ನೀರನ್ನು ಸೋಸುತ್ತದೆ. ನೀರು ತಿಳಿಯಾದಷ್ಟೂ ಬೆಳಕು ಆಳಕ್ಕೆ ಇಳಿಯುತ್ತದೆ, ಬೆಳಕು ಇಳಿದಷ್ಟೂ ಕಳೆಗೆ ಅನುಕೂಲ. ಮಿಲ್ಫಾಯಿಲ್, ಕೂನ್‌ಟೇಲ್, ಕರ್ಲಿಲೀಫ್ ಪಾಂಡ್‌ವೀಡ್ ಈ ಮೂರೂ ಮಂಜುಗಡ್ಡೆಯ ಕೆಳಗೆ ಹಸಿರಾಗಿಯೇ ಉಳಿಯಬಲ್ಲವು. ಹಸಿರು ಇರುವಲ್ಲಿ ಆಮ್ಲಜನಕವಿದೆ, ಸಣ್ಣ ಹುಳುಗಳಿವೆ. ಹಾಗಾಗಿ ಬ್ಲೂಗಿಲ್ ಮತ್ತು ಕ್ರಾಪಿ ಮೀನುಗಳೂ ಅಲ್ಲೇ ಇರುತ್ತವೆ. ಫ್ಲಾಶರ್‌ಗೆ ಅತ್ಯಂತ ಕಷ್ಟದ ಜಾಗವೂ ಅದೇ.

ಇಲ್ಲಿ ತೆಗೆದುಕೊಂಡಿರುವುದು ಅಂಥ ಕೊಲ್ಲಿಯಲ್ಲಿ ಎದುರಾಗುವ ಮಾದರಿ ಸ್ಥಿತಿ. ಮಂಜುಗಡ್ಡೆಯ ದಪ್ಪ 35 ಸೆಂ.ಮೀ. ಅದರ ತಳದಿಂದ ಸರೋವರದ ಬುಡಕ್ಕೆ 2.4 ಮೀಟರ್, ಅಂದರೆ ಎಂಟು ಅಡಿ. ಬುಡ ಮೆತ್ತನೆಯ ಕೆಸರು. ಅದರ ಮೇಲೆ ಒಂದು ಮೀಟರ್ ಎತ್ತರಕ್ಕೆ ಮಿಲ್ಫಾಯಿಲ್, ನಡುನಡುವೆ ಬಕೆಟ್ ಅಗಲದ ಖಾಲಿ ಜಾಗಗಳು. ಗಾಳ 4 ಮಿ.ಮೀ. ಟಂಗ್‌ಸ್ಟನ್ ಜಿಗ್, ಅಂದರೆ ಲೋಹದ ಗುಂಡು ಕೂರಿಸಿದ ಕೊಕ್ಕೆ. ಕೈಯಲ್ಲಿರುವ ಯಂತ್ರ ಮೂರು ಬಣ್ಣದ 200 ಕಿಲೋಹರ್ಟ್ಸ್ ಫ್ಲಾಶರ್, ಅದಕ್ಕೆ 19 ಡಿಗ್ರಿ ಕೋನದ ಟ್ರಾನ್ಸ್‌ಡ್ಯೂಸರ್ (ನೀರಿನಲ್ಲಿ ತೂಗುತ್ತ ಶಬ್ದವನ್ನು ಶಂಕುವಿನ ಆಕಾರದಲ್ಲಿ ಬಿಟ್ಟು ಪ್ರತಿಧ್ವನಿ ಕೇಳುವ ಭಾಗ), ಅತಿ ಚಿಕ್ಕ ಆಳದ ಪ್ರಮಾಣ (ಡಯಲ್‌ನ ಒಂದು ಸುತ್ತಿಗೆ ಹಿಡಿಸುವ ಆಳ) 20 ಅಡಿ. ಒಂದೇ ಗುಡಾರದಲ್ಲಿ ಇಬ್ಬರು ಕೂತು ಹಿಡಿಯುತ್ತಾರೆ, ಇಬ್ಬರ ಬಳಿಯೂ ಫ್ಲಾಶರ್ ಇದೆ.

ದೂರು ಇಷ್ಟು: ಡಯಲ್‌ನಲ್ಲಿ ನಾಲ್ಕೂವರೆ ಅಡಿಯಿಂದ ಬುಡದವರೆಗೆ ಬರೀ ಕೆಂಪು. ಜಿಗ್ ಆ ಕೆಂಪಿನೊಳಗೆ ಇಳಿದ ಕೂಡಲೇ ಮಾಯ. ಮೀನು ಕಚ್ಚುವುದು ಕೈಗೆ ತಿಳಿಯುತ್ತದೆ, ಡಯಲ್‌ಗೆ ತಿಳಿಯುವುದಿಲ್ಲ. ಹೆಚ್ಚು ವಾಟ್‌ನ ಹೊಸ ಯಂತ್ರ ಕೊಂಡರೆ ಸರಿಹೋಗುತ್ತದೆಯೇ ಎಂಬುದು ಪ್ರಶ್ನೆ.

ಸರಿಹೋಗುವುದಿಲ್ಲ, ಇನ್ನಷ್ಟು ಕೆಡುತ್ತದೆ. ಆಗುಂಬೆ ಘಾಟಿಯ ಮಂಜಿನಲ್ಲಿ ಹೈಬೀಮ್ ಹಾಕಿದಾಗ ಆಗುವುದೇ ಇಲ್ಲೂ ಆಗುತ್ತದೆ. ಕಳೆಯ ಕಾಂಡದೊಳಗೆ ಗಾಳಿಯ ಕೋಶಗಳಿವೆ, ಹಗಲಿನಲ್ಲಿ ಎಲೆಗಳ ಮೇಲೆ ಆಮ್ಲಜನಕದ ಗುಳ್ಳೆಗಳೂ ಕೂರುತ್ತವೆ. ನೀರಿನಲ್ಲಿ ಸಾಗುವ ಶಬ್ದ ಗಾಳಿಗೆ ತಾಗಿದರೆ ಬಹುಪಾಲು ಹಿಂದಕ್ಕೆ ಪುಟಿಯುತ್ತದೆ. ಮೀನು ಕಾಣಿಸುವುದೂ ಅದರ ಹೊಟ್ಟೆಯೊಳಗಿನ ಗಾಳಿಚೀಲದ ದೆಸೆಯಿಂದಲೇ. ಕಳೆಗೂ ಮೀನಿಗೂ ಹೊಳೆಯುವ ಕಾರಣ ಒಂದೇ ಆದ್ದರಿಂದ ಶಕ್ತಿ ಹೆಚ್ಚಿಸಿದರೆ ಎರಡೂ ಒಟ್ಟಿಗೆ ಕೆಂಪಾಗುತ್ತವೆ. ಆಳವಿಲ್ಲದ ಕಳೆನೀರಿಗೆ ಫ್ಲಾಶರ್ ಆರಿಸುವಾಗ ಅದು ಎಷ್ಟು ಆಳ ನೋಡಬಲ್ಲದು ಎಂದು ಕೇಳಿ ಫಲವಿಲ್ಲ. ಎಷ್ಟು ಮೆಲ್ಲಗೆ, ಎಷ್ಟು ಚುಟುಕಾಗಿ, ಎಷ್ಟು ಇಕ್ಕಟ್ಟಿನಲ್ಲಿ ಶಬ್ದ ಬಿಡಬಲ್ಲದು ಎಂದು ಕೇಳಬೇಕು. ಈ ಮೂರು ಗುಣಗಳ ಮೇಲೆಯೇ ಇಡೀ ಆಯ್ಕೆ ನಿಂತಿದೆ.

ಅಂಗಡಿಗೆ ಹೋಗುವ ಮುನ್ನ

ಹಳೆಯ ಯಂತ್ರ ನಿಜಕ್ಕೂ ಸೋತಿದೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಬೇಕು. ಕೆಂಪು ಡಯಲ್‌ಗೆ ಅರ್ಧ ಕಾರಣ ತೂತಿನಲ್ಲೇ ಇರುವುದುಂಟು.

ತೂತಿನಲ್ಲಿ ತೇಲುವ ಮಂಜಿನ ಪುಡಿಯನ್ನು ಜರಡಿ ಸೌಟಿನಿಂದ ಪೂರ್ತಿ ತೆಗೆಯಬೇಕು. ಟ್ರಾನ್ಸ್‌ಡ್ಯೂಸರ್ ನೇತುಹಾಕುವ ತಂತಿಯ ತಡೆಗುಂಡಿಯನ್ನು ಸರಿಸಿ, ಅದರ ಮುಖ ಮಂಜುಗಡ್ಡೆಯ ತಳಕ್ಕಿಂತ ಎರಡು-ಮೂರು ಸೆಂ.ಮೀ. ಕೆಳಗೆ ಬರುವಂತೆ ಮಾಡಬೇಕು. 19 ಡಿಗ್ರಿಯ ಟ್ರಾನ್ಸ್‌ಡ್ಯೂಸರ್ ತೂತಿನ ಒಳಗೇ ಉಳಿದರೆ ಅದರ ಶಬ್ದ ಮಂಜಿನ ಗೋಡೆಗೆ ಬಡಿದು ಮೇಲಿನ ಎರಡು-ಮೂರು ಅಡಿಯಲ್ಲಿ ಸುಳ್ಳು ಗೆರೆಗಳನ್ನು ಎಬ್ಬಿಸುತ್ತದೆ. ನಂತರ ಟ್ರಾನ್ಸ್‌ಡ್ಯೂಸರ್ ನೆಟ್ಟಗೆ ತೂಗುತ್ತಿದೆಯೇ ನೋಡಬೇಕು. ಚಳಿಗೆ ಬಿರುಸಾದ ಕೇಬಲ್ ಅದನ್ನು ಒಂದು ಪಕ್ಕಕ್ಕೆ ಎಳೆದು ಹಿಡಿಯುವುದು ಸಾಮಾನ್ಯ.

ಆಮೇಲೆ ನಿಜವಾದ ಬುಡ ಎಲ್ಲಿದೆ ಎಂದು ಪತ್ತೆ ಮಾಡಬೇಕು. ಕೆಸರಿನ ಬುಡ ಮರಳಿನ ಬುಡದಷ್ಟು ಚುರುಕಾದ ಪ್ರತಿಧ್ವನಿ ಕೊಡುವುದಿಲ್ಲ. ಮೇಲೆ ದಟ್ಟ ಕಳೆ ಇದ್ದರೆ ಕಳೆಯ ತುದಿಯನ್ನೇ ಬುಡವೆಂದು ಓದಿಬಿಡುವುದು ಸುಲಭ. ಗಾಳಕ್ಕೆ ಸುಮಾರು 28 ಗ್ರಾಂ ತೂಕದ ಕ್ಲಿಪ್ ಗುಂಡು ಸಿಕ್ಕಿಸಿ ಇಳಿಬಿಡಿ. ದಾರ ಸಡಿಲವಾದ ಕ್ಷಣದಲ್ಲಿ ಗುಂಡಿನ ಗೆರೆ ಡಯಲ್‌ನಲ್ಲಿ ಎಲ್ಲಿ ನಿಂತಿದೆಯೋ ಅದೇ ಬುಡ. ಡಯಲ್‌ನ ಅಂಕಿಗೂ ಅಳತೆಪಟ್ಟಿಗೂ ಕೊಂಚ ವ್ಯತ್ಯಾಸ ಬಂದರೆ ಗಾಬರಿ ಬೇಡ. ಹೆಪ್ಪುಗಟ್ಟುವಷ್ಟು ತಣ್ಣಗಿನ ಸಿಹಿನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 1,400 ಮೀಟರ್‌ನ ಆಸುಪಾಸು, ಬೆಚ್ಚಗಿನ ನೀರಿಗಿಂತ ಕಡಿಮೆ. ಜಿಗ್, ಮೀನು, ಬುಡ ಮೂರೂ ಒಂದೇ ಪ್ರಮಾಣದಲ್ಲಿ ಜರುಗುವುದರಿಂದ ಮೀನು ಹಿಡಿಯಲು ಅದು ಅಡ್ಡಿಯಲ್ಲ.

ಎಂಟು ಅಡಿಯಲ್ಲಿ ಬುಡವಿದ್ದಾಗ ಹದಿನಾರು ಅಡಿಯಲ್ಲಿ ಇನ್ನೊಂದು ಬುಡ ಕಾಣುತ್ತಿದೆಯೇ? ಶಬ್ದ ಬುಡಕ್ಕೆ ಬಡಿದು, ಮಂಜಿನ ತಳಕ್ಕೆ ಬಡಿದು, ಮತ್ತೆ ಬುಡ ಮುಟ್ಟಿ ಬರುತ್ತಿದೆ ಎಂದರ್ಥ. ಕೆಸರಿನ ಮೇಲೂ ಹೀಗೆ ಎರಡನೆಯ ಪ್ರತಿಧ್ವನಿ ಬಂದರೆ ಗೇನ್ (ಯಂತ್ರ ಪ್ರತಿಧ್ವನಿಯನ್ನು ಹಿಗ್ಗಿಸುವ ಮಟ್ಟ) ತೀರಾ ಹೆಚ್ಚಾಗಿದೆ. ಗೇನ್ ಗುಂಡಿಯನ್ನು ಸೊನ್ನೆಗೆ ತಂದು, ಜಿಗ್ ಅನ್ನು ಕಳೆಯ ತುದಿಗಿಂತ ಒಂದು ಗೇಣು ಮೇಲೆ ನಿಲ್ಲಿಸಿ, ಅದು ತೆಳ್ಳಗಿನ ಹಸಿರು ಗೆರೆಯಾಗಿ ಇಣುಕುವವರೆಗೆ ಮಾತ್ರ ಗೇನ್ ಏರಿಸಬೇಕು. ಮೂರು ಬಣ್ಣದ ಯಂತ್ರದಲ್ಲಿ ಹಸಿರು ದುರ್ಬಲ ಪ್ರತಿಧ್ವನಿ, ಕಿತ್ತಳೆ ನಡುವಿನದು, ಕೆಂಪು ಪ್ರಬಲ. ಜಿಗ್ ಹಸಿರಾಗಿದ್ದರೆ ಅದರ ಮೇಲಿನ ಎರಡು ಬಣ್ಣಗಳೂ ಮೀನಿಗೆ ಮೀಸಲಾಗಿ ಉಳಿಯುತ್ತವೆ. ಜಿಗ್ಗೇ ಕೆಂಪಾಗಿದ್ದರೆ ಮೀನು ಬಂದಾಗ ತೋರಿಸಲು ಯಂತ್ರದ ಬಳಿ ಬಣ್ಣವೇ ಉಳಿದಿರುವುದಿಲ್ಲ.

ನಮ್ಮ ಪ್ರಕರಣದ ಗಂಟು ಇಲ್ಲಿದೆ. ಗೇನ್ ಸೊನ್ನೆಗೆ ಇಳಿಸಿದ ಮೇಲೂ ಜಿಗ್ ಕೆಂಪಾಗಿಯೇ ಇದೆ, ಕಳೆ ಒಂದೇ ಗಟ್ಟಿ ಪಟ್ಟಿಯಾಗಿಯೇ ಇದೆ. ಅಂದರೆ ಗುಂಡಿಯ ಕೆಳತುದಿಯೂ ಈ ಆಳಕ್ಕೆ ಹೆಚ್ಚಾಯಿತು. ಇನ್ನು ಉಪಕರಣದಲ್ಲೇ ಏನಾದರೂ ಬದಲಾಗಬೇಕು.

ಕೋನದ ಲೆಕ್ಕ

ಟ್ರಾನ್ಸ್‌ಡ್ಯೂಸರ್‌ನಿಂದ 2.4 ಮೀಟರ್ ಕೆಳಗೆ, ಬುಡದಲ್ಲಿ, 19 ಡಿಗ್ರಿಯ ಶಂಕು 80 ಸೆಂ.ಮೀ. ಅಗಲವಾಗುತ್ತದೆ. 12 ಡಿಗ್ರಿಯದು 50 ಸೆಂ.ಮೀ., 9 ಡಿಗ್ರಿಯದು 38 ಸೆಂ.ಮೀ. 19ಕ್ಕೂ 9ಕ್ಕೂ ಅಗಲದಲ್ಲಿ ಎರಡು ಪಟ್ಟಿಗಿಂತ ತುಸು ಹೆಚ್ಚು ವ್ಯತ್ಯಾಸವೆಂದರೆ ವಿಸ್ತೀರ್ಣದಲ್ಲಿ ಸುಮಾರು ನಾಲ್ಕೂವರೆ ಪಟ್ಟು. ಖಾಲಿ ಜಾಗ ಬಕೆಟ್ ಅಗಲದ್ದು. ಅಗಲ ಶಂಕು ಅದನ್ನು ದಾಟಿ ಸುತ್ತಲಿನ ಕಳೆಯನ್ನೆಲ್ಲ ಬಾಚಿಕೊಂಡು ಬರುತ್ತದೆ. ಫ್ಲಾಶರ್ ದೂರವನ್ನಷ್ಟೇ ಬಲ್ಲದು, ದಿಕ್ಕನ್ನು ಅರಿಯದು. ಶಂಕುವಿನ ಅಂಚಿನಲ್ಲಿ ಎರಡು ಮೀಟರ್ ದೂರದ ಕಳೆಯೂ ನಡುವೆ ಎರಡು ಮೀಟರ್ ದೂರದ ಮೀನೂ ಅದಕ್ಕೆ ಒಂದೇ ಗೆರೆ.

ಇಳಿಜಾರಿನಲ್ಲಿ ಇದು ಇನ್ನೂ ಹದಗೆಡುತ್ತದೆ. ಕಳೆಯ ಹೊರ ಅಂಚಿನಲ್ಲಿ ಬುಡ ನಾಲ್ಕಕ್ಕೆ ಒಂದರಂತೆ ಇಳಿಯುತ್ತಿದ್ದರೆ, 80 ಸೆಂ.ಮೀ. ಅಗಲದೊಳಗೆ ಬುಡದ ಮಟ್ಟದಲ್ಲಿ 20 ಸೆಂ.ಮೀ. ವ್ಯತ್ಯಾಸ. ಎತ್ತರದ ಪಕ್ಕದ ಬುಡ ಮೊದಲು ಕಾಣಿಸಿಕೊಂಡು, ತಗ್ಗಿನ ಪಕ್ಕದಲ್ಲಿ ನೆಲಕ್ಕೆ ಅಂಟಿ ನಿಂತ ಬ್ಲೂಗಿಲ್ ಅನ್ನು ಪೂರ್ತಿ ಮುಚ್ಚಿಬಿಡುತ್ತದೆ. ಚಳಿಗಾಲದಲ್ಲಿ ಬ್ಲೂಗಿಲ್ ಬುಡಕ್ಕೆ ಹತ್ತಿರ ಮೇಯುವುದೇ ಹೆಚ್ಚಾದ್ದರಿಂದ ಈ 20 ಸೆಂ.ಮೀ. ಸಣ್ಣ ನಷ್ಟವಲ್ಲ.

ಹಾಗಾದರೆ 9 ಡಿಗ್ರಿ ಟ್ರಾನ್ಸ್‌ಡ್ಯೂಸರ್ ಒಂದನ್ನೇ ಕೊಂಡರೆ ಸಾಲದೇ? ಇಲ್ಲಿ ಹಲವರು ಎಡವುತ್ತಾರೆ. ಕಿರಿದಾದ ಶಂಕು ಅದೇ ಶಕ್ತಿಯನ್ನು ಕಡಿಮೆ ಜಾಗಕ್ಕೆ ತುಂಬುತ್ತದೆ, ಹಾಗಾಗಿ ನಡುವಿನಲ್ಲಿರುವ ವಸ್ತುವಿನ ಪ್ರತಿಧ್ವನಿ ಇನ್ನಷ್ಟು ಜೋರಾಗಿ ಬರುತ್ತದೆ. ಸೊನ್ನೆ ಗೇನ್‌ನಲ್ಲೇ ಕೆಂಪಾಗಿದ್ದ ಯಂತ್ರಕ್ಕೆ ಬರೀ 9 ಡಿಗ್ರಿ ಸಿಕ್ಕಿಸಿದರೆ ಕಳೆಯ ಗೆರೆಗಳು ಕಡಿಮೆಯಾಗುತ್ತವೆ, ಉಳಿದವು ಮಾತ್ರ ಮೊದಲಿಗಿಂತ ಕೆಂಪಾಗುತ್ತವೆ. ಕೋನ ಕಿರಿದು ಮಾಡುವುದರ ಜೊತೆಗೆ ಶಕ್ತಿಯನ್ನೂ ಇಳಿಸಬೇಕು. ಒಂದನ್ನು ಬಿಟ್ಟು ಇನ್ನೊಂದು ಅರೆಬರೆ.

ವೆಕ್ಸಿಲಾರ್ ಕಂಪನಿಯ ಎಫ್‌ಎಲ್-8, ಎಫ್‌ಎಲ್-18 ಯಂತ್ರಗಳಿಗೆ ಎಸ್-ಕೇಬಲ್ ಎಂಬ ತುಂಡು ಕೇಬಲ್ ಸಿಗುವುದು ಇದಕ್ಕಾಗಿಯೇ. ಯಂತ್ರಕ್ಕೂ ಟ್ರಾನ್ಸ್‌ಡ್ಯೂಸರ್‌ಗೂ ನಡುವೆ ಅದನ್ನು ಸಿಕ್ಕಿಸಿದರೆ ಸೂಕ್ಷ್ಮತೆ ಒಮ್ಮೆಲೇ ತಗ್ಗಿ, ಗೇನ್ ಗುಂಡಿಯನ್ನು ಮತ್ತೆ ಸೊನ್ನೆಯಿಂದ ಮೇಲಕ್ಕೆ ತಿರುಗಿಸುವಷ್ಟು ಅವಕಾಶ ಹುಟ್ಟುತ್ತದೆ. ಈಚಿನ ಹಲವು ಯಂತ್ರಗಳಲ್ಲಿ ಕಡಿಮೆ ಶಕ್ತಿಯ ಸ್ಥಿತಿ ಒಳಗೇ ಇರುತ್ತದೆ, ಪ್ರತ್ಯೇಕ ಕೇಬಲ್ ಬೇಕಿಲ್ಲ. ಆಳದ ನೀರಿಗೆ ಹೋಗುವಾಗ ಎಸ್-ಕೇಬಲ್ ತೆಗೆಯಲು ಮರೆತರೆ ಜಿಗ್ಗೇ ಕಾಣದೆ ಯಂತ್ರ ಕೆಟ್ಟಿತೆಂದು ತಿಳಿಯುವ ಅಪಾಯವಿದೆ. ಕೇಬಲ್‌ಗೆ ಬಣ್ಣದ ಟೇಪ್ ಸುತ್ತಿಡುವುದು ಒಳ್ಳೆಯದು.

ಕಿರಿದು ಕೋನಕ್ಕೂ ಬೆಲೆ ತೆರಬೇಕು. 2.4 ಮೀಟರ್ ಆಳದಲ್ಲಿ ಟ್ರಾನ್ಸ್‌ಡ್ಯೂಸರ್ 5 ಡಿಗ್ರಿ ವಾಲಿದರೆ ಶಂಕುವಿನ ನಡು 21 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. 9 ಡಿಗ್ರಿ ಶಂಕುವಿನ ತ್ರಿಜ್ಯ ಬುಡದಲ್ಲಿ 19 ಸೆಂ.ಮೀ. ಮಾತ್ರ. ಇಷ್ಟೇ ಇಷ್ಟು ವಾಲಿಕೆಗೆ ಜಿಗ್ ಶಂಕುವಿನ ಅಂಚಿಗೆ ಹೋಗಿ ಮಂಕಾಗುತ್ತದೆ. 19 ಡಿಗ್ರಿಯಲ್ಲಿ ತ್ರಿಜ್ಯ 40 ಸೆಂ.ಮೀ. ಇರುವುದರಿಂದ ಅದೇ ವಾಲಿಕೆ ಗೊತ್ತೇ ಆಗುವುದಿಲ್ಲ. ಹಿಂದೆ ಅಗಲ ಕೋನ ಬಳಸಿ ರೂಢಿಯಾದವರು 9 ಡಿಗ್ರಿಗೆ ಬಂದ ಮೊದಲ ದಿನ ಯಂತ್ರವನ್ನು ಬೈಯುವುದು ಈ ಕಾರಣಕ್ಕೆ. ಟ್ರಾನ್ಸ್‌ಡ್ಯೂಸರ್ ನೇತುಹಾಕಿದ ತೇಲುಬಿಲ್ಲೆಯನ್ನು ತೂತಿನ ನಡುವೆ ಕೂರಿಸಿ, ಕೇಬಲ್‌ಗೆ ಸ್ವಲ್ಪ ಸಡಿಲು ಕೊಟ್ಟು, ಜಿಗ್ಗಿನ ಗೆರೆ ಅತಿ ಪ್ರಬಲವಾಗುವ ಕಡೆಗೆ ಬಿಲ್ಲೆಯನ್ನು ತಿರುಗಿಸಿ ನೋಡಬೇಕು.

ಗೆರೆಯ ದಪ್ಪ ಮತ್ತು ಜೂಮ್

ಎರಡು ವಸ್ತುಗಳನ್ನು ಬೇರೆ ಬೇರೆ ಗೆರೆಯಾಗಿ ತೋರಿಸುವ ಸಾಮರ್ಥ್ಯ ಶಬ್ದದ ಮಿಡಿತ ಎಷ್ಟು ಹೊತ್ತಿನದು ಎಂಬುದಕ್ಕೆ ಕಟ್ಟುಬಿದ್ದಿದೆ. ಮಿಡಿತದ ಅವಧಿಯನ್ನು ಶಬ್ದದ ವೇಗದಿಂದ ಗುಣಿಸಿ ಅರ್ಧ ಮಾಡಿದರೆ, ಹಾಗೆ ತೋರಲು ಎರಡರ ನಡುವೆ ಬೇಕಾದ ಕನಿಷ್ಠ ಅಂತರ ಸಿಗುತ್ತದೆ. 90 ಮೈಕ್ರೋಸೆಕೆಂಡಿನ ಮಿಡಿತಕ್ಕೆ ಆರು ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು, ಅಂದರೆ ಎರಡೂವರೆ ಇಂಚು. 18 ಮೈಕ್ರೋಸೆಕೆಂಡಿಗೆ ಅರ್ಧ ಇಂಚು. ತೆರೆದ ನೀರಿನಲ್ಲಿ ಎರಡೂವರೆ ಇಂಚು ಸಾಕು. ಕಳೆಯಲ್ಲಿ ಸಾಲದು: ಎಲೆಯ ತುದಿ, ಜಿಗ್, ಅದರ ಕೆಳಗೆ ಮೂಗು ಚಾಚಿದ ಮೀನು ಮೂರೂ ಆ ಎರಡೂವರೆ ಇಂಚಿನೊಳಗೆ ಸೇರಿ ಒಂದೇ ಪಟ್ಟಿಯಾಗುತ್ತವೆ. ತಯಾರಕರ ಪಟ್ಟಿಯಲ್ಲಿ ವಾಟ್ ಅಂಕಿಯನ್ನು ದಾಟಿ ಮೊದಲು ಓದಬೇಕಾದ ಸಾಲು ಈ ಅಂತರದ್ದು.

20 ಅಡಿಯ ಪ್ರಮಾಣದಲ್ಲಿ ಎಂಟು ಅಡಿ ನೀರು ಡಯಲ್‌ನ ಶೇ. 40 ಮಾತ್ರ ಬಳಸುತ್ತದೆ, ಉಳಿದ ಶೇ. 60 ಬುಡದ ಕೆಳಗಿನ ಖಾಲಿ. 10 ಅಡಿಯ ಪ್ರಮಾಣವಿರುವ ಯಂತ್ರ ಅದೇ ನೀರನ್ನು ಡಯಲ್‌ನ ಶೇ. 80ಕ್ಕೆ ಹಿಗ್ಗಿಸುತ್ತದೆ. ಜೂಮ್ ಇನ್ನೊಂದು ದಾರಿ. ಎಫ್‌ಎಲ್-18 ಬುಡದ ಮೇಲಿನ 6 ಅಥವಾ 12 ಅಡಿಯನ್ನು ಡಯಲ್‌ನ ಒಂದು ಅರ್ಧದಲ್ಲಿ ದೊಡ್ಡದಾಗಿ ತೋರಿಸುತ್ತದೆ. ನಮ್ಮ ಎಂಟು ಅಡಿಯಲ್ಲಿ ಆರು ಅಡಿ ಎಂದರೆ ನೀರಿನ ಮುಕ್ಕಾಲು ಭಾಗ, ಕಳೆಯೂ ಅದರ ಮೇಲಿನ ತೆರವೂ ಎರಡೂ ಒಳಗೆ ಬರುತ್ತವೆ. ಆದರೆ ಬುಡವನ್ನು ತಾನಾಗಿ ಹುಡುಕಿ ಹಿಡಿಯುವ ಯಾವುದೇ ಜೂಮ್‌ಗೆ ಕಳೆಯಲ್ಲಿ ಎರಡು ತೊಡಕು. ಗೇನ್ ತಗ್ಗಿಸಿದಾಗ ಕೆಸರಿನ ದುರ್ಬಲ ಬುಡ ಅದರ ಹಿಡಿತದಿಂದ ಜಾರಬಹುದು. ಗೇನ್ ಏರಿಸಿದಾಗ ಕಳೆಯ ತುದಿಯನ್ನೇ ಬುಡವೆಂದು ಹಿಡಿಯಬಹುದು. ಬೇಕಾದ ಆಳಕ್ಕೆ ಕೈಯಿಂದ ಸರಿಸಬಲ್ಲ ಜೂಮ್ ಇದ್ದರೆ ಈ ರಗಳೆ ಇಲ್ಲ.

ಮೇಲಿನ ಭಾಗದ ಬಗ್ಗೆ ಒಂದು ಮಾತು. ಮಿಡಿತ ಬಿಟ್ಟ ಮೇಲೆ ಟ್ರಾನ್ಸ್‌ಡ್ಯೂಸರ್ ಸ್ವಲ್ಪ ಹೊತ್ತು ತಾನೇ ಅದುರುತ್ತಿರುತ್ತದೆ, ಅಷ್ಟು ಹೊತ್ತು ಅದಕ್ಕೆ ಏನೂ ಕೇಳಿಸದು. ಡಯಲ್‌ನ ಮೊದಲ ಒಂದೆರಡು ಅಡಿ ಇದರಿಂದ ಕೆಂಪಾಗಿ ಉಳಿಯುತ್ತದೆ. ಎಂಟು ಅಡಿಯಲ್ಲಿ ಇದನ್ನು ಸಹಿಸಬಹುದು. ನಾಲ್ಕು ಅಡಿ ನೀರಿನಲ್ಲಿ ಯಾವ ಫ್ಲಾಶರ್ ಕೂಡ ಹೆಚ್ಚು ಉಪಕಾರಿಯಲ್ಲ. ಅಲ್ಲಿ ನೀರು ತಿಳಿಯಾಗಿದ್ದರೆ ಗುಡಾರದ ಕತ್ತಲಲ್ಲಿ ತೂತಿನೊಳಗೆ ಕಣ್ಣಿಟ್ಟು ನೋಡುವುದೇ ಮೇಲು.

ಯಾವುದನ್ನು ಕೊಳ್ಳಬೇಕು

ಮೊದಲ ದಾರಿ: ಹಳೆಯ ಯಂತ್ರ ಉಳಿಸಿಕೊಂಡು 9 ಡಿಗ್ರಿ ಟ್ರಾನ್ಸ್‌ಡ್ಯೂಸರ್ ಮತ್ತು ಎಸ್-ಕೇಬಲ್ ಸೇರಿಸುವುದು. ಯಂತ್ರ ವೆಕ್ಸಿಲಾರ್‌ನ ಈ ಸಾಲಿನದಾಗಿದ್ದರೆ ಖರ್ಚು ಹೊಸ ಯಂತ್ರದ ಒಂದು ಪಾಲು ಮಾತ್ರ, ದೂರಿನ ಬಹುಭಾಗ ತೀರುತ್ತದೆ. ತೀರದೆ ಉಳಿಯುವುದು 20 ಅಡಿ ಪ್ರಮಾಣದ ಇಕ್ಕಟ್ಟು.

ಎರಡನೆಯದು ಎರಡು ಕೋನದ ಹೊಸ ಯಂತ್ರ. ಮಾರ್ಕಮ್ ಎಲ್‌ಎಕ್ಸ್-5ರಲ್ಲಿ 8 ಮತ್ತು 20 ಡಿಗ್ರಿ ಒಂದೇ ಟ್ರಾನ್ಸ್‌ಡ್ಯೂಸರ್‌ನಲ್ಲಿವೆ, ಅಂತರ ಅರ್ಧ ಇಂಚು. ಹಮ್ಮಿನ್‌ಬರ್ಡ್ ಐಸ್ ಸಾಲಿನ ಯಂತ್ರಗಳಲ್ಲಿ 240 ಕಿಲೋಹರ್ಟ್ಸ್‌ಗೆ 19 ಡಿಗ್ರಿ, 455 ಕಿಲೋಹರ್ಟ್ಸ್‌ಗೆ 9 ಡಿಗ್ರಿ; ಅಂತರ ಎರಡೂವರೆ ಇಂಚು. ಗೆರೆಯ ತೆಳುವಿನಲ್ಲಿ ಮೊದಲನೆಯದು ಸ್ಪಷ್ಟವಾಗಿ ಮುಂದು. ಆದರೆ ಈ ಪ್ರಕರಣದಲ್ಲಿ ಇಬ್ಬರು ಒಂದೇ ಗುಡಾರದಲ್ಲಿದ್ದಾರೆ ಎಂಬುದನ್ನು ಮರೆಯಬಾರದು. ಇಬ್ಬರದೂ 200 ಕಿಲೋಹರ್ಟ್ಸ್ ಆದರೆ ಒಬ್ಬರ ಶಬ್ದ ಇನ್ನೊಬ್ಬರ ಡಯಲ್‌ನಲ್ಲಿ ಸುತ್ತುವ ಗೆರೆಗಳಾಗಿ ಬರುತ್ತದೆ. ಅಡಚಣೆ ತಡೆಯುವ ಗುಂಡಿ ಒತ್ತಿದರೆ ಅವು ಕಡಿಮೆಯಾಗುತ್ತವೆ, ಜೊತೆಗೆ ಸೂಕ್ಷ್ಮತೆಯೂ ಸ್ವಲ್ಪ ಸೋರುತ್ತದೆ. 455ರಲ್ಲಿ ಕೆಲಸ ಮಾಡುವ ಯಂತ್ರಕ್ಕೆ ಪಕ್ಕದ 200ರ ಕಾಟ ತೀರಾ ಕಡಿಮೆ. ಹೆಚ್ಚು ಆವರ್ತನದ ಶಬ್ದ ನೀರಿನಲ್ಲಿ ಬೇಗ ಕ್ಷೀಣಿಸುತ್ತದೆ ಎಂಬುದು ನಿಜ, 2.4 ಮೀಟರ್‌ನಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ.

ಗಾರ್ಮಿನ್ ಲೈವ್‌ಸ್ಕೋಪ್‌ನಂಥ ಮುಂದಕ್ಕೆ ನೋಡುವ ಸಾಧನಗಳು ಬೇರೆಯದೇ ಬೆಲೆಯವು. ಕಳೆಯ ಅಂಚನ್ನೂ ಖಾಲಿ ಜಾಗಗಳನ್ನೂ ದೂರದಿಂದ ಹುಡುಕಲು ಅವು ಅದ್ಭುತ. ಎಂಟು ಅಡಿಯ ದಟ್ಟ ಕಳೆಯ ನಡುವೆ ಕೂತ ಮೇಲೆ ಮುಂದೆ ಕಾಣುವುದು ಬಹುಪಾಲು ಕಳೆಯ ಗೋಡೆ. ಅಷ್ಟು ಹಣ ಹಾಕುವುದಾದರೆ ತಿಳಿನೀರಿನ ಈ ಸರೋವರದಲ್ಲಿ ನೀರೊಳಗಿನ ಕ್ಯಾಮೆರಾ ಮತ್ತು ಒಳ್ಳೆಯ ಫ್ಲಾಶರ್ ಎರಡೂ ಬಂದು ಹಣ ಉಳಿಯುತ್ತದೆ.

ನಮ್ಮ ತೀರ್ಪು: ಹಳೆಯ ಯಂತ್ರ ಎಸ್-ಕೇಬಲ್ ಒಪ್ಪುವಂಥದ್ದಾದರೆ ಮೊದಲ ದಾರಿ. ಒಪ್ಪದಿದ್ದರೆ ಎರಡು ಕೋನ, ಅರ್ಧ ಇಂಚಿನ ಅಂತರ, 10 ಅಡಿ ಪ್ರಮಾಣ ಅಥವಾ ಸರಿಸಬಲ್ಲ ಜೂಮ್ ಈ ಮೂರೂ ಇರುವ ಯಂತ್ರ. ಜೊತೆಗಾರನ ಯಂತ್ರದ ಅಡಚಣೆ ಹತೋಟಿಗೆ ಬಾರದಿದ್ದರೆ ಮಾತ್ರ ಅಂತರದ ವಿಷಯದಲ್ಲಿ ರಾಜಿಯಾಗಿ ಬೇರೆ ಆವರ್ತನಕ್ಕೆ ಹೋಗಬಹುದು.

ಬಳಕೆಯಲ್ಲಿ

ತೂತಿನ ಜಾಗ ಆರಿಸಲು ಫ್ಲಾಶರ್ ಅನ್ನೇ ಬಳಸಿ. ಋತುವಿನ ಆರಂಭದ ಕಪ್ಪು ಗಟ್ಟಿ ಮಂಜಿನ ಮೇಲೆ ಹಿಮ ಸರಿಸಿ, ಒಂದು ಲೋಟ ನೀರು ಸುರಿದು, ಟ್ರಾನ್ಸ್‌ಡ್ಯೂಸರ್‌ನ ಮುಖವನ್ನು ಒದ್ದೆ ಮಂಜಿಗೆ ಒತ್ತಿ ಹಿಡಿದರೆ ಕೊರೆಯದೆಯೇ ಕೆಳಗಿನದು ಕಾಣುತ್ತದೆ. ಗಾಳಿಗುಳ್ಳೆ ತುಂಬಿದ ಬಿಳಿ ಮಂಜಿನಲ್ಲಿ ಇದು ನಡೆಯದು. ಎರಡು-ಮೂರು ಹೆಜ್ಜೆಗೊಮ್ಮೆ ಹೀಗೆ ನೋಡುತ್ತ ಹೋಗಿ, ಕಳೆಯ ಪಟ್ಟಿ ತೆಳುವಾಗಿ ಬುಡ ಒಂಟಿಯಾಗಿ ಎದ್ದು ಕಾಣುವಲ್ಲಿ ಕೊರೆಯಬೇಕು. ಆರಂಭದ ಮಂಜಿನ ಮೇಲೆ ನಡೆಯಲು ಮಿನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುವ ಕನಿಷ್ಠ ದಪ್ಪ 4 ಇಂಚು, ಅದೂ ಹೊಸ ತಿಳಿ ಮಂಜಿಗೆ. ಕೊಳೆಯುವ ಕಳೆ ಮಂಜನ್ನು ದುರ್ಬಲ ಮಾಡುವುದರಿಂದ ಕಳೆಯ ಮೇಲೆ ಹೆಜ್ಜೆ ಹೆಜ್ಜೆಗೂ ದಪ್ಪ ಅಳೆಯುವುದು ಕಡ್ಡಾಯವೆಂದೇ ತಿಳಿಯಬೇಕು.

ಕೂತ ಮೇಲೆ ಮೊದಲು ಅಗಲ ಕೋನ. ಕಳೆಯ ಮೇಲಿನ ತೆರವಿನಲ್ಲಿ ತೇಲುವ ಕ್ರಾಪಿ ಬಂದರೆ ಬೇಗ ತಿಳಿಯುತ್ತದೆ. ಜಿಗ್ ಅನ್ನು ಖಾಲಿ ಜಾಗಕ್ಕೆ ಇಳಿಸುವಾಗ ಕಿರಿದು ಕೋನಕ್ಕೆ ಬದಲಿಸಿ, ಗೇನ್ ಮತ್ತೆ ತಗ್ಗಿಸಿ. ಟಂಗ್‌ಸ್ಟನ್ ಸೀಸಕ್ಕಿಂತ ಹೆಚ್ಚು ಸಾಂದ್ರ. ಅದೇ ತೂಕಕ್ಕೆ ಗಾತ್ರ ಚಿಕ್ಕದಾಗಿ ಎಲೆಗಳ ನಡುವೆ ಸಿಕ್ಕಿಕೊಳ್ಳದೆ ಇಳಿಯುತ್ತದೆ, ಡಯಲ್‌ನಲ್ಲೂ ಚೊಕ್ಕ ಗೆರೆ ಕೊಡುತ್ತದೆ.

ಕಳೆಯನ್ನೂ ಮೀನನ್ನೂ ಬಿಡಿಸಿ ಓದುವ ಕೌಶಲ ಚಲನೆಯಲ್ಲಿದೆ. ಕಳೆಯ ಗೆರೆ ಒಂದೇ ಆಳದಲ್ಲಿ, ಒಂದೇ ಬಣ್ಣದಲ್ಲಿ ನಿಂತಿರುತ್ತದೆ. ಮೀನು ಶಂಕುವಿನ ಅಂಚಿನಿಂದ ನಡುವಿಗೆ ಬರುತ್ತಿದ್ದಂತೆ ಹಸಿರು, ಕಿತ್ತಳೆ, ಕೆಂಪು ಎಂದು ಬಣ್ಣ ಏರುತ್ತದೆ, ಗೆರೆ ದಪ್ಪವಾಗುತ್ತದೆ. ಎಲ್ಲ ಗೆರೆಗಳೂ ಒಟ್ಟಿಗೆ ಮಿಣುಕಿದರೆ ಅದು ಮೀನಲ್ಲ, ಟ್ರಾನ್ಸ್‌ಡ್ಯೂಸರ್ ತೂಗಾಡುತ್ತಿದೆ. ಸಂದೇಹವಿದ್ದರೆ ಜಿಗ್ ಅನ್ನು ಒಂದು ಗೇಣು ಮೇಲೆತ್ತಿ: ಕೆಳಗಿನ ಗೆರೆಯೂ ಹಿಂಬಾಲಿಸಿ ಎದ್ದರೆ ಮೀನು, ಅಲ್ಲೇ ನಿಂತರೆ ಬಹುಶಃ ಎಲೆ.

ಬ್ಯಾಟರಿಯ ಬಗ್ಗೆ: 12 ವೋಲ್ಟ್‌ನ 7ರಿಂದ 9 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಕಡು ಚಳಿಯಲ್ಲಿ ತನ್ನ ಪೂರ್ಣ ಸಾಮರ್ಥ್ಯ ಕೊಡುವುದಿಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ, ಚಳಿಯನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಶೂನ್ಯ ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವಾಗ ಅದನ್ನು ಚಾರ್ಜ್ ಮಾಡಿದರೆ ಒಳಗೆ ಶಾಶ್ವತ ಹಾನಿಯಾಗುತ್ತದೆ. ಮನೆಗೆ ತಂದು, ಕೋಣೆಯ ಬಿಸಿಗೆ ಬಂದ ಮೇಲಷ್ಟೇ ಚಾರ್ಜರ್‌ಗೆ ಹಾಕಬೇಕು.

ಫೆಬ್ರವರಿಯ ಹೊತ್ತಿಗೆ ಚಿತ್ರ ಬದಲಾಗಬಹುದು. ಮಂಜಿನ ಮೇಲೆ ದಪ್ಪ ಹಿಮ ಕೂತು ಬೆಳಕು ನಿಂತರೆ ಕಳೆ ಕಂದಾಗಿ ಮಲಗುತ್ತದೆ, ಕೊಳೆಯುತ್ತ ಆಮ್ಲಜನಕ ಹೀರುತ್ತದೆ, ಮೀನು ಕೊಲ್ಲಿ ಬಿಟ್ಟು ಆಳದ ಗುಂಡಿಗಳ ಕಡೆ ಸರಿಯುತ್ತದೆ. ಡಯಲ್‌ನಲ್ಲಿ ಕಳೆಯ ಪಟ್ಟಿ ಒಂದು ಮೀಟರ್‌ನಿಂದ ಒಂದು ಗೇಣಿಗೆ ಕುಸಿದಿರುವುದು ಕಂಡರೆ ಆ ಜಾಗ ಬಿಡುವುದು ವಾಸಿ. ಆಳಕ್ಕೆ ಹೋದ ಮೇಲೆ ಎಸ್-ಕೇಬಲ್ ತೆಗೆದು, 19 ಡಿಗ್ರಿಯ ಟ್ರಾನ್ಸ್‌ಡ್ಯೂಸರ್ ಮರಳಿ ಸಿಕ್ಕಿಸಿ, ಗೇನ್ ಅನ್ನು ಮೊದಲಿನಿಂದ ಹೊಂದಿಸಿಕೊಳ್ಳಬೇಕು.